ಲಾಲ್‌ಬಾಗ್ ಬಂಡೆಯ ಫಲಕ

ಇವತ್ತು ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರದ ಬಂಡೆ ಹತ್ತುವ ಮುಂಚೆ ಆ ಮಾಹಿತಿ ಫಲಕದ ಮುಂದೆ ನಿಂತೆ. ಎಷ್ಟೋ ವರ್ಷಗಳಿಂದ ಪಕ್ಕದಲ್ಲೇ ಹಾದುಹೋಗಿದ್ದೇನೆ, ಪೂರ್ತಿ ಓದಿದ್ದು ಇವತ್ತೇ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ! ಹೆಸರು ಪೆನಿನ್ಸುಲಾರ್ ನೈಸ್ (gneiss), ಅಂದರೆ ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕು ರೂಪ ಬದಲಿಸಿದ ಒಂದು ಬಗೆಯ ಕಲ್ಲು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತಾನೂ ಇದೆ. ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ ಅಷ್ಟೇ, ಇದರ ಮುಂದೆ ಅದು ಕೂಸು ಅಲ್ವಾ?

ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ ಅಕ್ಷರಗಳ ಮೇಲೆ ಬೆರಳಿಟ್ಟು ಜೋರಾಗಿ ಓದುತ್ತಿದ್ದಳು. ಅವಳ ಅಜ್ಜ "ನಿಧಾನ, ಪುಟ್ಟಿ" ಅನ್ನುತ್ತಾ ಕಾಯುತ್ತಿದ್ದರು. ಓದಿ ಮುಗಿಸಿದವಳೇ ಬಗ್ಗಿ ಕಲ್ಲು ಮುಟ್ಟಿದಳು. ನಾನೂ ಮುಟ್ಟಿದೆ. ಬೂದು ಬಣ್ಣದ ಮೇಲೆ ತಿಳಿ ಮತ್ತು ಕಪ್ಪು ಪಟ್ಟೆಗಳು, ಸೀರೆಯ ಮಡಿಕೆಯ ಹಾಗೆ ಬಳುಕಿಕೊಂಡು ಹೋಗಿವೆ. ಇಷ್ಟು ದಿನ ಅವು ಕಣ್ಣಿಗೇ ಬಿದ್ದಿರಲಿಲ್ಲ.

ಇಂಥ ಫಲಕಗಳೆಂದರೆ ನನಗೆ ತುಂಬಾ ಇಷ್ಟ. ಮೊಬೈಲ್‌ನಲ್ಲಿ ಇದೆಲ್ಲ ಸಿಗುತ್ತೆ, ನಿಜ. ಆದರೆ ಏನು ಹುಡುಕಬೇಕು ಅಂತಲೇ ಗೊತ್ತಿಲ್ಲದವನನ್ನು ಅದೇ ಜಾಗದಲ್ಲಿ ನಿಲ್ಲಿಸಿ ಹೇಳುವುದು ಫಲಕ ಮಾತ್ರ. ಮರಗಳಿಗೆ ಹಾಕಿರುವ ಹೆಸರಿನ ಚಿಕ್ಕ ಹಲಗೆಗಳೂ ಅಷ್ಟೇ. ವಾಪಸ್ ಬರುವಾಗ ಪ್ರತಿಯೊಂದನ್ನೂ ಓದುತ್ತಾ ಬಂದೆ. ಮನೆ ಸೇರುವಾಗ ಒಂದು ಗಂಟೆ ತಡ.