ಇಪ್ಪತ್ತೆಂಟು ದಿನಗಳ ಲೆಕ್ಕ

ಕಳೆದ ವರ್ಷ ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟು ದಿನಗಳ ಮೇಲೆ ಪೆನ್ಸಿಲಿನ ಅಡ್ಡಗೆರೆಗಳು ಬಿದ್ದವು. ಪ್ರತಿ ರಾತ್ರಿ ಮಗಳ ಜ್ವರ ನೋಡಿ, ಕಿವಿಯ ಹಿಂಭಾಗ, ಕುತ್ತಿಗೆ, ಬೆನ್ನುಗಳನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸಿ, ದದ್ದು ಎದ್ದಿಲ್ಲವೆಂದು ಖಚಿತವಾದ ಮೇಲೆ ಆಕೆ ಆ ದಿನದ ಮೇಲೊಂದು ಗೆರೆ ಎಳೆಯುತ್ತಿದ್ದಳು.

ಮಗಳಿಗೆ ಆಗ ಆರು ವರ್ಷ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು. ವೈದ್ಯರ ಒಪ್ಪಿಗೆ ಪಡೆದು ವಾರದಲ್ಲಿ ಕೆಲವು ದಿನ ಶಾಲೆಗೆ ಹೋಗತೊಡಗಿದ್ದಳು. ಒಂದು ಸಂಜೆ ಶಾಲೆಯಿಂದ ಫೋನ್ ಬಂತು: ಅವಳದೇ ಬೆಂಚಿನಲ್ಲಿ ಕೂರುವ ಹುಡುಗನಿಗೆ ದಡಾರ. ಅವನಿಗೆ ಹುಟ್ಟಿದಾಗಿನಿಂದ ಒಂದು ಲಸಿಕೆಯನ್ನೂ ಹಾಕಿಸಿರಲಿಲ್ಲವೆಂಬುದು ಎರಡು ದಿನಗಳ ಬಳಿಕ ತಿಳಿಯಿತು. ಮರೆತು ಬಿಟ್ಟದ್ದಲ್ಲ, ಸಿಗದೆ ಹೋದದ್ದೂ ಅಲ್ಲ. ತಂದೆ ತಾಯಿ ಇಬ್ಬರೂ ಕೂತು ಯೋಚಿಸಿ ಬೇಡವೆಂದು ತೀರ್ಮಾನಿಸಿದ್ದರು.

ಅಕ್ಕನ ಮಗಳಿಗೆ ಕಾಯಿಲೆ ಬರುವ ಮೊದಲು ಎಲ್ಲ ಲಸಿಕೆಗಳನ್ನೂ ಹಾಕಿಸಲಾಗಿತ್ತು. ಆದರೆ ಕೀಮೋ ಔಷಧಿಗಳು ಆ ರಕ್ಷಣೆಯನ್ನು ಅಳಿಸಿಹಾಕಿರುವ ಸಾಧ್ಯತೆ ಇರುತ್ತದೆ, ಮತ್ತು ಚಿಕಿತ್ಸೆ ನಡೆಯುತ್ತಿರುವಾಗ ದಡಾರದ ಲಸಿಕೆಯನ್ನು ಪುನಃ ಕೊಡುವಂತಿಲ್ಲ, ಏಕೆಂದರೆ ಅದು ದುರ್ಬಲಗೊಳಿಸಿದ ಜೀವಂತ ವೈರಾಣುವಿನಿಂದ ಮಾಡಿದ್ದು. ಅಂಥ ಮಗುವಿಗೆ ಉಳಿಯುವ ದಾರಿ ಒಂದೇ: ಸೋಂಕಿನ ಸಂಪರ್ಕವಾದ ಆರು ದಿನಗಳೊಳಗೆ ಇತರರ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಡ್ರಿಪ್ ಮೂಲಕ ರಕ್ತನಾಳಕ್ಕೆ ಹರಿಸುವುದು. ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಹಾಗೆ ಮಲಗಿದ್ದಳು. ನಾನು ಅವಳ ಪಕ್ಕ ಕುಳಿತು, ಹನಿ ಹನಿಯಾಗಿ ಇಳಿಯುತ್ತಿದ್ದುದನ್ನು ನೋಡುತ್ತ, ಆ ಹುಡುಗನ ತಂದೆ ತಾಯಿಯ ಮೇಲೆ ನನಗಿದ್ದ ಸಿಟ್ಟನ್ನು ಮನಸ್ಸಿನಲ್ಲೇ ಮಥಿಸುತ್ತಿದ್ದೆ. ಸೋಂಕು ತಗಲಿದ ಮೇಲೆ ದಡಾರ ಮೈಮೇಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಇಪ್ಪತ್ತೊಂದು ದಿನಗಳವರೆಗೆ ತೆಗೆದುಕೊಳ್ಳಬಹುದು. ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೆ ಅದು ಇನ್ನೂ ತಡವಾಗಬಹುದಾದ್ದರಿಂದ ಇಪ್ಪತ್ತೆಂಟು ದಿನ ಕಾಯಬೇಕು. ಕ್ಯಾಲೆಂಡರಿನ ಗೆರೆಗಳು ಹುಟ್ಟಿದ್ದು ಹೀಗೆ.

ಲಸಿಕೆ ನಿರಾಕರಿಸುವವರ ಬಗ್ಗೆ ಜನರಲ್ಲಿರುವ ಅಸಹನೆ ನನ್ನೊಬ್ಬನದಲ್ಲ, ಮತ್ತು ಅದು ಬರೀ ಅಸಹನೆಯೂ ಅಲ್ಲ. ಅದರ ಬುಡದಲ್ಲಿ ಒಂದು ಲೆಕ್ಕವಿದೆ. ದಡಾರ ಬಂದ ಒಬ್ಬ ವ್ಯಕ್ತಿ, ಯಾರಿಗೂ ರಕ್ಷಣೆಯಿಲ್ಲದ ಜನರ ನಡುವೆ, ಹನ್ನೆರಡರಿಂದ ಹದಿನೆಂಟು ಮಂದಿಗೆ ಅದನ್ನು ದಾಟಿಸುತ್ತಾನೆ. ಹದಿನೈದು ಎಂದಿಟ್ಟುಕೊಳ್ಳೋಣ. ನೂರರಲ್ಲಿ ತೊಂಬತ್ತೈದು ಮಂದಿಗೆ ರಕ್ಷಣೆಯಿದ್ದರೆ ಆ ಹದಿನೈದರಲ್ಲಿ ನಿಜವಾಗಿ ರೋಗ ತಗಲುವುದು ಸರಾಸರಿ ಮುಕ್ಕಾಲು ಮಂದಿಗೆ. ಒಬ್ಬರಿಂದ ಒಬ್ಬರಿಗಿಂತ ಕಡಿಮೆ ಜನಕ್ಕೆ ದಾಟಿದರೆ ರೋಗ ತಾನಾಗಿ ಸೊರಗಿ ನಿಲ್ಲುತ್ತದೆ. ರಕ್ಷಣೆಯಿರುವವರು ತೊಂಬತ್ತಕ್ಕೆ ಇಳಿದರೆ ಅದೇ ಸಂಖ್ಯೆ ಒಂದೂವರೆಯಾಗುತ್ತದೆ. ರೋಗ ಬೆಳೆಯುತ್ತ ಹೋಗುತ್ತದೆ. ನಡುವೆ ಇರುವುದು ನೂರಕ್ಕೆ ಐದು ಜನ ಮಾತ್ರ. ಎರಡು ಡೋಸ್ ಪಡೆದವರಲ್ಲೂ ನೂರಕ್ಕೆ ಸುಮಾರು ಮೂವರಿಗೆ ರಕ್ಷಣೆ ಸಿಗದು. ಒಂಬತ್ತು ಅಥವಾ ಹನ್ನೆರಡು ತಿಂಗಳು ತುಂಬದ ಶಿಶುಗಳಿಗೆ ದಡಾರದ ಲಸಿಕೆಯನ್ನು ವಾಡಿಕೆಯಾಗಿ ಕೊಡುವುದೇ ಇಲ್ಲ. ಅಕ್ಕನ ಮಗಳಂಥವರಿಗೆ ಕೊಡುವಂತಿಲ್ಲ. ಇವರೆಲ್ಲ ಸೇರಿಯೇ ಆ ಐದರ ಜಾಗ ತುಂಬಿಹೋಗಿರುತ್ತದೆ. ಆರೋಗ್ಯವಂತ ಮಗುವನ್ನು ಲಸಿಕೆಯಿಂದ ಹೊರಗಿಡುವವರು ತಮ್ಮ ಪಾಲಿನ ಜಾಗದಲ್ಲಿ ಕೂರುತ್ತಿಲ್ಲ, ಬೇರೆ ದಾರಿಯೇ ಇಲ್ಲದವರ ಜಾಗದಲ್ಲಿ ಕೂರುತ್ತಿದ್ದಾರೆ.

ಹುಷಾರಾಗಿದ್ದರೆ ಸಾಕು, ಜ್ವರ ಬಂದ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ದಡಾರ ಹರಡುವುದು ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲಿನಿಂದ. ಆಗ ಅದು ನೆಗಡಿ, ಕೆಮ್ಮು, ಕೆಂಪಾದ ಕಣ್ಣುಗಳಷ್ಟೆ. ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಗಳವರೆಗೂ ಉಳಿದಿರಬಲ್ಲದು. ನೆಗಡಿಯಾದ ಮಗುವನ್ನು ಶಾಲೆಗೆ ಕಳಿಸಿದ ಆ ತಾಯಿ ಎಲ್ಲ ತಾಯಂದಿರೂ ಮಾಡುವುದನ್ನೇ ಮಾಡಿದ್ದಳು. ತಪ್ಪು ಆ ಬೆಳಿಗ್ಗೆ ನಡೆದದ್ದಲ್ಲ, ಐದು ವರ್ಷಗಳ ಹಿಂದೆ ನಡೆದದ್ದು.

ಹುಡುಗನಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದಾರೆಂಬ ಸುದ್ದಿ ಆ ವಾರದ ಕೊನೆಯಲ್ಲಿ ಬಂತು. ನಾನು ತಡೆಯಲಾರದೆ, ಅನುಭವಿಸಲಿ, ಆಗಲಾದರೂ ಬುದ್ಧಿ ಬರುತ್ತದೆ ಎಂದುಬಿಟ್ಟೆ. ಅಕ್ಕ ಮಗಳ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ ನೋಡಿ, "ಅನುಭವಿಸ್ತಿರೋದು ಯಾರು? ಆ ಮಗು ಏನು ಮಾಡಿತ್ತು?" ಎಂದಳು. ನಾನು ಉತ್ತರಿಸಲಿಲ್ಲ. ಇಂದಿಗೂ ನನ್ನ ಬಳಿ ಉತ್ತರವಿಲ್ಲ, ಮತ್ತು ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಸಿಟ್ಟು ನ್ಯಾಯವಾದದ್ದೆಂದು ನಾನು ಈಗಲೂ ನಂಬುತ್ತೇನೆ. ಆದರೆ ಆ ಸಿಟ್ಟನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಅದರ ಜಾಗ ಶಾಲೆಯ ಬಾಗಿಲು. ಆಸ್ಪತ್ರೆಯ ಹಾಸಿಗೆಯ ಬಳಿ ಅದಕ್ಕೆ ಕೆಲಸವಿಲ್ಲ.

ಕೋವಿಡ್ ಕಾಲದಲ್ಲಿ ಸಿಟ್ಟು ಹಾಸಿಗೆಯವರೆಗೂ ಬಂದುಬಿಟ್ಟಿತ್ತು. ಲಸಿಕೆ ಹಾಕಿಸಿಕೊಳ್ಳದವರಿಗೆ ಐಸಿಯು ಕೊಡಬೇಡಿ, ಅವರ ಸರದಿ ಕೊನೆಗಿರಲಿ ಎಂಬ ಮಾತುಗಳನ್ನು ವಿವೇಕಿಗಳೆನಿಸಿಕೊಂಡವರೂ ಆಡಿದರು. ಸಿಂಗಪುರದಲ್ಲಿ 2021ರ ಡಿಸೆಂಬರ್‌ನಿಂದ, ಸ್ವಂತ ಇಚ್ಛೆಯಿಂದ ಲಸಿಕೆ ಪಡೆಯದ ಕೋವಿಡ್ ರೋಗಿಗಳು ಚಿಕಿತ್ಸೆಯ ವೆಚ್ಚವನ್ನು ತಾವೇ ಭರಿಸಬೇಕೆಂಬ ನಿಯಮ ಬಂತು. ಕೆನಡಾದ ಕ್ವಿಬೆಕ್ ಪ್ರಾಂತದ ಸರ್ಕಾರ 2022ರ ಜನವರಿಯಲ್ಲಿ ಅಂಥವರ ಮೇಲೆ ವಿಶೇಷ ತೆರಿಗೆ ಹಾಕುವುದಾಗಿ ಘೋಷಿಸಿ, ಸಮಾಜ ಒಡೆಯುತ್ತಿದೆ ಎಂಬ ಕಾರಣಕ್ಕೆ ಮುಂದಿನ ತಿಂಗಳೇ ಕೈಬಿಟ್ಟಿತು. ಆಸ್ಟ್ರಿಯಾ 2022ರ ಫೆಬ್ರುವರಿಯಲ್ಲಿ ವಯಸ್ಕರೆಲ್ಲರಿಗೂ ಕೋವಿಡ್ ಲಸಿಕೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು; 3,600 ಯೂರೋಗಳವರೆಗೆ ದಂಡಕ್ಕೆ ಅವಕಾಶವಿತ್ತು. ದಂಡ ವಸೂಲಿ ಆರಂಭವಾಗುವ ಮೊದಲೇ, ಮಾರ್ಚ್‌ನಲ್ಲಿ, ಆ ಕಾನೂನು ಅಮಾನತುಗೊಂಡಿತು, ಅದೇ ವರ್ಷ ರದ್ದಾಯಿತು.

ಇಲ್ಲಿ ನಮ್ಮ ಕಡೆಯವರು, ಅಂದರೆ ಲಸಿಕೆಯ ಪರವಾಗಿ ಮಾತನಾಡುವವರು, ಒಪ್ಪಿಕೊಳ್ಳಬೇಕಾದ ಒಂದು ತಪ್ಪಿದೆ. ಕೋವಿಡ್ ಲಸಿಕೆಗಳು ತೀವ್ರ ಕಾಯಿಲೆಯನ್ನೂ ಸಾವನ್ನೂ ಬಹಳ ಮಟ್ಟಿಗೆ ತಡೆದವು. ಆದರೆ ಸೋಂಕು ತಗಲದಂತೆ, ಇನ್ನೊಬ್ಬರಿಗೆ ದಾಟದಂತೆ ತಡೆಯುವ ಅವುಗಳ ಶಕ್ತಿ ಕೆಲವೇ ತಿಂಗಳಲ್ಲಿ ಕುಗ್ಗಿತು, ಓಮಿಕ್ರಾನ್ ಬಂದ ಮೇಲೆ ಇನ್ನಷ್ಟು ಕುಗ್ಗಿತು. ಅಷ್ಟರಲ್ಲಿ ನಾವು ದಡಾರದ ಲೆಕ್ಕವನ್ನೇ ಕೋವಿಡ್‌ಗೂ ಹೊಂದಿಸಿ, ಹಾಕಿಸಿಕೊಂಡರೆ ಹರಡುವುದೇ ಇಲ್ಲವೆಂಬಂತೆ ಮಾತನಾಡಿಬಿಟ್ಟಿದ್ದೆವು. ಎರಡು ಡೋಸ್ ಪಡೆದವರಿಗೂ ಸೋಂಕು ತಗಲಿದಾಗ, ಮೊದಲೇ ಅನುಮಾನದಲ್ಲಿದ್ದವರು ಕೋವಿಡ್ ಲಸಿಕೆಯನ್ನಷ್ಟೇ ಅಲ್ಲ, ಮಕ್ಕಳ ಲಸಿಕೆಗಳನ್ನೂ ಅನುಮಾನಿಸತೊಡಗಿದರು. ಒಂದೊಂದು ಲಸಿಕೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅಳತೆ ಮೀರದೆ ಹೇಳಿದ್ದರೆ ಈ ನಷ್ಟ ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು.

ಭಯಪಡುವವರ ಭಯಕ್ಕೆ ಬುಡವೇ ಇಲ್ಲವೆಂದು ಹೇಳುವುದೂ ಸರಿಯಲ್ಲ. 1955ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯ ತಯಾರಿಸಿದ ಪೋಲಿಯೋ ಲಸಿಕೆಯಲ್ಲಿ ವೈರಾಣು ಪೂರ್ತಿ ಸತ್ತಿರಲಿಲ್ಲ. ಅದರಿಂದ ಸುಮಾರು ಇನ್ನೂರು ಮಂದಿಗೆ ಪಾರ್ಶ್ವವಾಯುವಾಯಿತು, ಹತ್ತು ಮಂದಿ ಸತ್ತರು. ಲಸಿಕೆ ತಯಾರಿಕೆಯ ಮೇಲಿನ ತಪಾಸಣೆ ಆ ದುರಂತದ ನಂತರ ಬಿಗಿಯಾಯಿತು. ನಿಜವಾದ ದುರಂತವನ್ನು ನೆನೆದು ಹೆದರುವವರ ಜೊತೆ ಮಾತನಾಡಲು ನನಗೆ ತಾಳ್ಮೆಯಿದೆ. ಸುಳ್ಳನ್ನು ಹುಟ್ಟಿಸಿ ಮಾರುವವರ ಬಗ್ಗೆ ಇಲ್ಲ. ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಕೇವಲ ಹನ್ನೆರಡು ಮಕ್ಕಳ ವಿವರ ಇಟ್ಟುಕೊಂಡು ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಅನುಮಾನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಿತ್ತಿದರು. ಲಸಿಕೆ ತಯಾರಕರ ವಿರುದ್ಧ ಮೊಕದ್ದಮೆಗೆ ಸಿದ್ಧತೆ ನಡೆಸಿದ್ದ ವಕೀಲರಿಂದ ಅವರು ಹಣ ಪಡೆದಿದ್ದರೆಂಬುದು ಬಳಿಕ ಬಯಲಾಯಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಬ್ರಿಟನ್ನಿನ ವೈದ್ಯಕೀಯ ಪರಿಷತ್ತು ಅವರ ಹೆಸರನ್ನು ನೋಂದಣಿಯಿಂದ ತೆಗೆದುಹಾಕಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧವೇನೂ ಕಂಡುಬರಲಿಲ್ಲ. ಹನ್ನೆರಡು ಮಕ್ಕಳ ಲೇಖನ ಬಿತ್ತಿದ ಭಯವನ್ನು ಆರೂವರೆ ಲಕ್ಷ ಮಕ್ಕಳ ಅಧ್ಯಯನ ಕಿತ್ತುಹಾಕಲಾಗದೆ ಹೋದದ್ದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ನಿಜವಾದ ಭಯ ಮತ್ತು ಅದರ ಲಾಭ ಪಡೆಯುವವರು ಒಂದೆಡೆ ಸೇರಿದರೆ ಏನಾಗುತ್ತದೆಂಬುದನ್ನು ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾ ಕಂಡಿತು. 2018ರಲ್ಲಿ ಅಲ್ಲಿ ಇಬ್ಬರು ಶಿಶುಗಳು ದಡಾರದ ಲಸಿಕೆ ಪಡೆದ ಕೂಡಲೇ ಸತ್ತವು. ದಾದಿಯರು ಲಸಿಕೆಯ ಪುಡಿಗೆ ಶುದ್ಧ ನೀರಿನ ಬದಲು ಅವಧಿ ಮೀರಿದ, ಸ್ನಾಯುಗಳನ್ನು ಸಡಿಲಿಸುವ ಔಷಧಿಯನ್ನು ಬೆರೆಸಿದ್ದರು, ಲಸಿಕೆಯಲ್ಲಿ ದೋಷವಿರಲಿಲ್ಲ. ಆದರೆ ಲಸಿಕಾ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತುಹೋಯಿತು, ಲಸಿಕೆ ವಿರೋಧಿಗಳ ಪ್ರಚಾರ ಜೋರಾಯಿತು, ಲಸಿಕೆ ಪಡೆದ ಶಿಶುಗಳ ಪ್ರಮಾಣ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಯಿತು. 2019ರ ಕೊನೆಯ ತಿಂಗಳುಗಳಲ್ಲಿ ದಡಾರ ಹಬ್ಬಿದಾಗ, ಸುಮಾರು ಎರಡು ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ 83 ಮಂದಿ ಸತ್ತರು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ತನ್ನ ಕಚೇರಿಗಳನ್ನು ಎರಡು ದಿನ ಮುಚ್ಚಿ, ಲಸಿಕೆ ಪಡೆಯದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಹೇಳಿತು. ಆ ಕೆಂಪು ಬಟ್ಟೆಯ ಬಗ್ಗೆ ಓದಿದಾಗ ನಾನು ಮೊದಲು ಅದನ್ನು ಅವಮಾನದ ಗುರುತೆಂದೇ ತಿಳಿದೆ. ಅದು ಲಸಿಕೆಯ ತಂಡಕ್ಕೆ ಇಲ್ಲಿಗೆ ಬನ್ನಿ ಎಂದು ತೋರಿಸುವ ಗುರುತಾಗಿತ್ತು. ತಂಡಗಳು ಮನೆಮನೆಗೆ ಹೋಗಿ ಲಸಿಕೆ ಹಾಕಿದವು, ತಿಂಗಳ ಅಂತ್ಯದ ಹೊತ್ತಿಗೆ ಬಹುತೇಕ ಎಲ್ಲರಿಗೂ ರಕ್ಷಣೆ ಸಿಕ್ಕಿತ್ತು.

ಕಡ್ಡಾಯದ ಪ್ರಶ್ನೆಗೆ ಬರುತ್ತೇನೆ. ಕಡ್ಡಾಯ ಬೇಕು ಎಂಬುದೇ ನನ್ನ ನಿಲುವು, ಆದರೆ ಎಂಥ ಕಡ್ಡಾಯ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಂಗ್ಲೆಂಡ್ 1853ರಲ್ಲಿ ಶಿಶುಗಳಿಗೆ ಸಿಡುಬಿನ ಲಸಿಕೆಯನ್ನು ಕಡ್ಡಾಯಗೊಳಿಸಿತು. ಒಪ್ಪದ ತಂದೆ ತಾಯಿಗೆ ಮುಂದೆ ಮತ್ತೆ ಮತ್ತೆ ದಂಡ ಬಿದ್ದು, ಕಟ್ಟಲಾಗದವರು ಸೆರೆಮನೆಗೂ ಹೋದರು. 1885ರಲ್ಲಿ ಲೆಸ್ಟರ್ ನಗರದಲ್ಲಿ ಇದರ ವಿರುದ್ಧ ಭಾರಿ ಮೆರವಣಿಗೆ ನಡೆಯಿತು, ಕೊನೆಗೆ 1898ರಲ್ಲಿ ಮನಸ್ಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೊಡಬೇಕಾಯಿತು. ದಂಡ ಹಾಕುತ್ತ ಹೋದ ಸರ್ಕಾರ ತನ್ನ ವಿರೋಧಿಗಳಿಗೆ ಹುತಾತ್ಮರನ್ನು ಒದಗಿಸಿಕೊಟ್ಟಿತು. ಶಾಲೆಯ ನಿಯಮದ ಗುಣ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹಬ್ಬಿದ ಬಳಿಕ, ವೈಯಕ್ತಿಕ ನಂಬಿಕೆಯ ಹೆಸರಿನಲ್ಲಿ ಶಾಲಾ ಲಸಿಕೆಗಳಿಗೆ ಕೊಡುತ್ತಿದ್ದ ವಿನಾಯಿತಿಯನ್ನು 2015ರ ಕಾನೂನು ತೆಗೆದುಹಾಕಿತು. ವೈದ್ಯಕೀಯ ಕಾರಣದ ವಿನಾಯಿತಿ ಉಳಿಯಿತು. ಇಟಲಿ 2017ರಲ್ಲಿ ಹತ್ತು ಲಸಿಕೆಗಳನ್ನು ಕಡ್ಡಾಯಗೊಳಿಸಿ, ಅವುಗಳಿಲ್ಲದೆ ಶಿಶುವಿಹಾರಕ್ಕೆ ಸೇರಿಸುವಂತಿಲ್ಲ ಎಂದಿತು. ಇಂಥ ನಿಯಮ ಕಾಯಿಲೆ ಬರುವ ಮೊದಲೇ ಎಲ್ಲರ ಮುಂದೆ ಇರುತ್ತದೆ, ಎಲ್ಲರಿಗೂ ಒಂದೇ ಆಗಿರುತ್ತದೆ, ಇಂದು ಬೇಡವೆಂದವರಿಗೆ ನಾಳೆ ಹಾಕಿಸಿಕೊಂಡು ಬರಲು ಬಾಗಿಲು ತೆರೆದಿಡುತ್ತದೆ. ಹಾಸಿಗೆಯ ಬಳಿ ವಿಧಿಸುವ ಶಿಕ್ಷೆಯಲ್ಲಿ ಈ ಯಾವ ಗುಣವೂ ಇಲ್ಲ; ಅಲ್ಲಿ ಉಸಿರಾಡಲು ಕಷ್ಟಪಡುತ್ತಿರುವವರು ಮಾತ್ರ ಇರುತ್ತಾರೆ. ಇಷ್ಟು ಕೇಳುವ ಸರ್ಕಾರ, ಲಸಿಕೆಯಿಂದ ಅಪರೂಪಕ್ಕೆ ಯಾರಿಗಾದರೂ ತೊಂದರೆಯಾದರೆ ಕೋರ್ಟು ಅಲೆಸದೆ ಪರಿಹಾರ ಕೊಡುವ ಹೊಣೆಯನ್ನೂ ಹೊರಬೇಕು.

ನಿರಾಕರಿಸಿದವರು ಕೊನೆಯವರೆಗೂ ಅಲ್ಲೇ ನಿಲ್ಲುತ್ತಾರೆಂದು ತಿಳಿಯಬೇಕಾಗಿಯೂ ಇಲ್ಲ. ಸ್ವಾಭಾವಿಕವಾಗಿ ಸಿಡುಬು ತಗಲಿದ ಜಗತ್ತಿನ ಕೊನೆಯ ರೋಗಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, 1977ರಲ್ಲಿ. ಅವರು ಆಸ್ಪತ್ರೆಯೊಂದರಲ್ಲಿ ಅಡುಗೆಯವರಾಗಿದ್ದರು, ಲಸಿಕೆ ಕೈಯಳತೆಯಲ್ಲೇ ಇತ್ತು. ಚುಚ್ಚಿಸಿಕೊಂಡರೆ ನೋಯುತ್ತದೆಂದು ಹೆದರಿ ತಪ್ಪಿಸಿಕೊಂಡಿದ್ದಾಗಿ ಮುಂದೆ ಅವರೇ ಹೇಳಿಕೊಂಡರು. ಬದುಕುಳಿದ ಅವರು ಪೋಲಿಯೋ ಅಭಿಯಾನದ ಕಾರ್ಯಕರ್ತರಾಗಿ, ಲಸಿಕೆ ಬೇಡವೆನ್ನುವ ತಂದೆ ತಾಯಿಯರ ಬಳಿ ಹೋಗಿ ತಮ್ಮ ಕಥೆಯನ್ನೇ ಹೇಳುತ್ತಿದ್ದರು. 2013ರಲ್ಲಿ ಪೋಲಿಯೋ ಕೆಲಸದಲ್ಲಿದ್ದಾಗಲೇ ಮಲೇರಿಯಾದಿಂದ ತೀರಿಕೊಂಡರು. ಅವರು ಸಿಡುಬಿನಿಂದ ಮಲಗಿದ್ದಾಗ ಯಾರಾದರೂ ಇವನಿಗೆ ಚಿಕಿತ್ಸೆ ಬೇಡ ಎಂದಿದ್ದರೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಅಕ್ಕನ ಮಗಳ ಬೆಂಚಿನ ಜೊತೆಗಾರ ಹುಡುಗ ಹತ್ತು ದಿನಗಳ ನಂತರ ಮನೆಗೆ ಬಂದ. ಅವನ ತಾಯಿ ಒಮ್ಮೆ ಅಕ್ಕನಿಗೆ ಫೋನ್ ಮಾಡಿದ್ದಳಂತೆ. ಏನು ಮಾತಾಯಿತೆಂದು ಅಕ್ಕ ಪೂರ್ತಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅವನ ತಂಗಿಗೆ ಆ ವಾರವೇ ಲಸಿಕೆ ಹಾಕಿಸಿದರೆಂಬುದಷ್ಟೇ ನನಗೆ ತಿಳಿದದ್ದು.

ಇಪ್ಪತ್ತೆಂಟನೆಯ ರಾತ್ರಿ ನಾನು ಅಲ್ಲೇ ಇದ್ದೆ. ಥರ್ಮಾಮೀಟರ್ ನೋಡಿದ ಮೇಲೆ, ಕಿವಿಯ ಹಿಂದೆ ಬೆರಳಾಡಿಸಿದ ಮೇಲೆ, ಕೊನೆಯ ಗೆರೆ ಬಿತ್ತು. ಆಮೇಲೆ ಅಕ್ಕ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ ಹೋಗಿ, ಕೀಮೋ ಮುಗಿದು ಮಗಳಿಗೆ ಪುನಃ ಲಸಿಕೆ ಕೊಡಬಹುದೆಂದು ವೈದ್ಯರು ಹೇಳಿದ್ದ ತಿಂಗಳನ್ನು ಹುಡುಕಿ ಗುರುತು ಹಾಕಿದಳು. ಅದನ್ನು ಪೆನ್ಸಿಲಿನಿಂದ ಹಾಕಲಿಲ್ಲ, ಪೆನ್ನಿನಿಂದ ಹಾಕಿದಳು.