ರಜಾ ಚೀಟಿಯಲ್ಲಿ ಎರಡು ಕಾಮಾ

ಭಾನುವಾರ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ. ಏಳನೇ ಕ್ಲಾಸಿನ ಮಗಳು ಗ್ರಾಮರ್ ಪುಸ್ತಕ ಹಿಡಿದು ಅಡುಗೆಮನೆಗೇ ಬಂದಳು. ‘ಅಮ್ಮಾ, ಇವೆರಡರಲ್ಲಿ ರನ್-ಆನ್ ಸೆಂಟೆನ್ಸ್ ಯಾವುದು ಹೇಳು ನೋಡೋಣ.’

ಒಂದು ಮೂರು ಸಾಲು ಉದ್ದವಿತ್ತು. ಇನ್ನೊಂದು ನಾಲ್ಕೇ ಪದ. ಒದ್ದೆ ಬೆರಳಲ್ಲೇ ಉದ್ದದ್ದನ್ನು ತೋರಿಸಿದೆ.

‘ತಪ್ಪು!’ ಅಂತ ಕುಣಿದಳು.

ತಪ್ಪಿದ್ದದ್ದು ಚಿಕ್ಕದರಲ್ಲಿ: ‘ಐ ಕಾಲ್ಡ್ ಶಿ ಲೆಫ್ಟ್.’ ಐ ಕಾಲ್ಡ್ ಅನ್ನೋದೇ ಒಂದು ಪೂರ್ತಿ ವಾಕ್ಯ, ಶಿ ಲೆಫ್ಟ್ ಇನ್ನೊಂದು. ಮಧ್ಯೆ ಏನೂ ಇಲ್ಲದೆ ಅಂಟಿಸಿಬಿಟ್ಟಿದ್ದರು. ಉದ್ದದ್ದರಲ್ಲಿ ಬಿಕಾಸ್, ವಿಚ್, ಆಂಡ್ ಎಲ್ಲ ಅದರದರ ಜಾಗದಲ್ಲಿ ಕೂತಿದ್ದವು.

ಅಷ್ಟಕ್ಕೇ ಬಿಡಲಿಲ್ಲ. ಸಂಜೆ ನಾನು ಬರೆದಿಟ್ಟಿದ್ದ ರಜಾ ಚೀಟಿ ತಂದಳು. ‘ಮೈ ಡಾಟರ್ ಹ್ಯಾಡ್ ಫೀವರ್, ಶಿ ಕುಡ್ ನಾಟ್ ಅಟೆಂಡ್ ಸ್ಕೂಲ್, ಕೈಂಡ್ಲಿ ಎಕ್ಸ್‌ಕ್ಯೂಸ್ ಹರ್.’

‘ಕಾಮಾ ಹಾಕಿದೀನಲ್ಲೇ?’

‘ಬರೀ ಕಾಮಾ ಹಾಕಿದ್ರೆ ಅದು ಕಾಮಾ ಸ್ಪ್ಲೈಸ್ ಅಮ್ಮಾ. ಮೂರು ವಾಕ್ಯ ಇದೆ ಇದರಲ್ಲಿ.’

ಹದಿನೈದು ವರ್ಷದಿಂದ ಆಫೀಸಿನಲ್ಲಿ ಇಂಗ್ಲಿಷ್ ಮೇಲ್ ಬರೀತಿದ್ದೀನಿ. ಒಬ್ಬರೂ ಹೇಳಿರಲಿಲ್ಲ. ಅವರೂ ಹೀಗೇ ಬರೀತಾರೆ, ಬಿಡಿ.

ಚೀಟಿ ನೋಡ್ತಾ ನಿಂತಾಗ ಒಂದು ಹೊಳೆಯಿತು. ಇದನ್ನೇ ಕನ್ನಡದಲ್ಲಿ ಬರೆದಿದ್ದರೆ? ‘ಮಗಳಿಗೆ ಜ್ವರ ಬಂದು, ಎರಡು ದಿನ ಏಳಲಾಗದೆ, ಶಾಲೆಗೆ ಬರಲಿಲ್ಲ.’ ಬಂದು, ಆಗದೆ ಎರಡೂ ಅರ್ಧಕ್ಕೇ ನಿಂತು ಮುಂದಿನದಕ್ಕೆ ಕಾಯುತ್ತವೆ. ಕ್ರಿಯಾಪದ ಮುಗಿಯೋದು ಕೊನೆಯಲ್ಲಿ, ಒಂದೇ ಸಲ. ಹಾಗಾಗಿ ನಮಗೆ ಕಾಮಾ ಸಾಕು. ಇಂಗ್ಲಿಷಿನ ಹ್ಯಾಡ್ ಕಾಯೋದಿಲ್ಲ, ಅಲ್ಲೇ ಮುಗಿದುಹೋಗುತ್ತೆ. ನಾನು ಕನ್ನಡದ ಕಾಮಾವನ್ನು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೆ.

ಸರಿಮಾಡೋಣ ಅಂತ ಮೊದಲ ಕಾಮಾ ಆದಮೇಲೆ ‘ದೇರ್‌ಫೋರ್’ ಸೇರಿಸಿದೆ. ತೂಕವಾಗಿ ಕಾಣ್ತಿತ್ತು. ಮಗಳು ತಲೆ ಅಲ್ಲಾಡಿಸಿದಳು.

‘ಸೋ ಹಾಕು.’

‘ಎರಡಕ್ಕೂ ಅರ್ಥ ಒಂದೇ ಅಲ್ವಾ?’

‘ಅರ್ಥ ಒಂದೇ. ಆದ್ರೆ ಸೋ ಕಂಜಂಕ್ಷನ್, ಕಾಮಾ ಜೊತೆ ಸೇರಿ ಎರಡು ವಾಕ್ಯ ಕಟ್ಟುತ್ತೆ. ದೇರ್‌ಫೋರ್ ಆ್ಯಡ್‌ವರ್ಬ್. ಅದರ ಹಿಂದೆ ಫುಲ್‌ಸ್ಟಾಪ್ ಬೇಕು, ಇಲ್ಲಾ ಸೆಮಿಕೋಲನ್.’

ಸೆಮಿಕೋಲನ್ ಹಾಕೋ ಧೈರ್ಯ ನನಗಿರಲಿಲ್ಲ. ಕೈ ಒರೆಸಿಕೊಂಡು ಹೊಸ ಹಾಳೆ ತಗೊಂಡೆ. ‘ಮೈ ಡಾಟರ್ ಹ್ಯಾಡ್ ಫೀವರ್, ಸೋ ಶಿ ಕುಡ್ ನಾಟ್ ಅಟೆಂಡ್ ಸ್ಕೂಲ್. ಕೈಂಡ್ಲಿ ಎಕ್ಸ್‌ಕ್ಯೂಸ್ ಹರ್.’

ಅವಳು ಎರಡು ಸಲ ಓದಿದಳು. ‘ಹ್ಞೂಂ, ಈಗ ಸೈನ್ ಮಾಡು’ ಅಂದಳು.