ಮೊದಲು ಪಿಡಿಮ್ ಇದೆಯಾ ನೋಡಿ

ಕ್ಷಯದ ಬ್ಯಾಕ್ಟೀರಿಯಾದಿಂದ ಒಂದು ಜೀನ್ ತೆಗೆದು, ಆ ಮ್ಯೂಟೆಂಟನ್ನು (ಜೀನ್ ಕಳೆದುಕೊಂಡ ತಳಿಯನ್ನು) ಬ್ಯಾಕ್ಟೀರಿಯಾ ನುಂಗುವ ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳಿಗೆ ಹಾಕಿ, "ಒಳಗೆ ಬದುಕ್ತಾನೇ ಇಲ್ಲ" ಅಂತ ಯಾರಾದರೂ ಖುಷಿಯಿಂದ ಗ್ರಾಫ್ ತಂದರೆ ನಾನು ಆ ಜೀನ್ ಬಗ್ಗೆ ಏನೂ ಕೇಳುವುದಿಲ್ಲ. ಪಿಡಿಮ್ ಇದೆಯಾ ಅಂತ ಕೇಳುತ್ತೇನೆ.

ಪಿಡಿಮ್ ಅಂದರೆ ಈ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಮೇಣದಂಥ ಲಿಪಿಡ್, ಅಂದರೆ ಕೊಬ್ಬಿನ ಜಾತಿಯ ಅಣು. ಅದಿಲ್ಲದ ತಳಿಗಳು ಇಲಿಯ ಶ್ವಾಸಕೋಶದಲ್ಲಿ ಸೊರಗುತ್ತವೆ ಅನ್ನುವುದು 1999ರಿಂದಲೇ ಗೊತ್ತು. ಅಡಿಯಲ್ಲಿರುವ ಅಣುಗಳು ರೋಗನಿರೋಧಕ ಕೋಶಗಳ ಕಣ್ಣಿಗೆ ಬೀಳದ ಹಾಗೆ ಅದು ಮುಚ್ಚಿಡುತ್ತದೆ. ಮ್ಯಾಕ್ರೋಫೇಜ್ ನುಂಗಿದ ಮೇಲೆ ಫ್ಯಾಗೋಸೋಮಿನ (ನುಂಗಿದ್ದನ್ನು ಇಟ್ಟುಕೊಳ್ಳುವ ಚೀಲದ) ಪೊರೆ ಕೆಡಿಸುವುದರಲ್ಲೂ ಅದರ ಕೈವಾಡವಿದೆ.

ಆದರೆ ಫ್ಲಾಸ್ಕಿನಲ್ಲಿ ಮ್ಯಾಕ್ರೋಫೇಜ್ ಎಲ್ಲಿದೆ? ಅಲ್ಲಿ ಪಿಡಿಮ್ ಬರೀ ಖರ್ಚಿನ ಬಾಬತ್ತು. ಮ್ಯೂಟೇಶನ್ ಆಗಿ ಅದನ್ನು ಕೈಬಿಟ್ಟ ಕೋಶ ತುಸು ಬೇಗ ಬೆಳೆಯುತ್ತದೆ. ಕಲ್ಚರನ್ನು ಮತ್ತೆ ಮತ್ತೆ ಹೊಸ ಮೀಡಿಯಾಕ್ಕೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವಕ್ಕೆ) ದಾಟಿಸುತ್ತ ಹೋದರೆ ಕೊನೆಗೆ ಅದೇ ತುಂಬಿಕೊಳ್ಳುತ್ತದೆ. ಕಲ್ಚರ್ ಎಷ್ಟು ಬೆಳೆದಿದೆ ಅಂತ ಅಳೆಯುವ ಓಡಿ ರೀಡಿಂಗ್ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಮ್ಯೂಟೆಂಟ್ ಮಾಡುವಾಗ ಆರಿಸಿಕೊಂಡ ಒಂದೇ ಕಾಲೊನಿ ಇಂಥ ಕೋಶದಿಂದ ಬಂದಿದ್ದರೆ ಮುಗಿಯಿತು, ಪಿಡಿಮ್ ಹೋದ ತಪ್ಪೆಲ್ಲ ನೀವು ತೆಗೆದ ಜೀನಿನ ತಲೆಗೆ ಬರುತ್ತದೆ. ಜೀನನ್ನು ವಾಪಸ್ ಹಾಕಿದರೂ ಗುಣ ಮರಳದಿದ್ದಾಗಲಾದರೂ ಅನುಮಾನ ಬರಬೇಕು. ಎಷ್ಟೋ ಜನ ಆಗಲೂ ಜೀನನ್ನು ಹೊತ್ತೊಯ್ದ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್ಡನ್ನೇ ಬೈಯುತ್ತಾರೆ.

ಮೀಡಿಯಾದ್ದೂ ಪಾಲಿದೆ. ದೇಹದೊಳಗೆ ಈ ಬ್ಯಾಕ್ಟೀರಿಯಾ ಕೊಲೆಸ್ಟರಾಲ್ ತಿನ್ನುತ್ತದೆ; ಅದು ಒಡೆದಾಗ ಸಿಗುವ ಪ್ರೊಪಿಯೊನೈಲ್-ಕೋಎ ಎಂಬ ಅಣು ಪಿಡಿಮ್‌ಗೆ ಕಚ್ಚಾಮಾಲು. ನಾವು ಕೊಡುವುದು ಗ್ಲಿಸರಾಲ್, ಗ್ಲೂಕೋಸ್. ಮೀಡಿಯಾಕ್ಕೆ, ಅದೇ ಕಚ್ಚಾಮಾಲಾಗಬಲ್ಲ ಪ್ರೊಪಿಯೊನೇಟನ್ನು ಸ್ವಲ್ಪ ಸೇರಿಸಿದರೆ ಪಿಡಿಮ್ ಬಿಟ್ಟವುಗಳಿಗಿದ್ದ ಅನುಕೂಲ ತಗ್ಗುತ್ತದೆ.

ಪಿಡಿಮ್ ಇದೆಯಾ ಅನ್ನುವ ಪರೀಕ್ಷೆ ಹಳೇ ಕಾಲದ್ದೇ, ಟಿಎಲ್‌ಸಿ (ಥಿನ್ ಲೇಯರ್ ಕ್ರೊಮಟೊಗ್ರಫಿ, ತೆಳು ಪದರದ ಮೇಲೆ ಲಿಪಿಡ್‌ಗಳನ್ನು ಬೇರ್ಪಡಿಸುವ ವಿಧಾನ). ಕೋಶಗಳನ್ನು ಕೊಂದು, ಕ್ಲೋರೋಫಾರ್ಮಿನಂಥ ದ್ರಾವಕದಲ್ಲಿ ಲಿಪಿಡ್ ತೆಗೆದು, ಸಿಲಿಕಾ ಪ್ಲೇಟಿನ ಮೇಲೆ ಚುಕ್ಕೆಯಿಟ್ಟು, ಪೆಟ್ರೋಲಿಯಂ ಈಥರ್ ಮತ್ತು ಡೈಈಥೈಲ್ ಈಥರ್ 9:1ರಲ್ಲಿ ಓಡಿಸಿ. ಫಾಸ್ಫೋಮಾಲಿಬ್ಡಿಕ್ ಆಮ್ಲ ಸಿಂಪಡಿಸಿ ಬಿಸಿ ಮಾಡಿದಾಗ ಹಳದಿ-ಹಸಿರು ಹಿನ್ನೆಲೆಯಲ್ಲಿ ಕಡುಬಣ್ಣದ ಪಟ್ಟಿಗಳು ಏಳುತ್ತವೆ. ಪಿಡಿಮ್ ಮೇಲುಗಡೆ ಇರುತ್ತದೆ, ಟ್ರೈಗ್ಲಿಸರೈಡ್ ಅದಕ್ಕಿಂತ ಕೆಳಗೆ. ಪಕ್ಕದಲ್ಲಿ ಪಿಡಿಮ್ ಇದೆಯೆಂದು ಖಾತ್ರಿಯಿರುವ ತಳಿಯದ್ದೂ ಒಂದು ಲೇನ್ (ಸಾಲು) ಇರಲೇಬೇಕು. ಕ್ಲೋರೋಫಾರ್ಮ್ ಮುಟ್ಟುವುದೆಲ್ಲ ಗಾಜಿನದಾಗಿರಲಿ. ಪ್ಲಾಸ್ಟಿಕ್ ಟ್ಯೂಬಿನಿಂದ ಕರಗಿ ಬಂದದ್ದನ್ನು ಹೊಸ ಲಿಪಿಡ್ ಅಂದುಕೊಂಡು ಸಂಭ್ರಮಿಸುವುದು ಬೇಡ.

ಇಷ್ಟಕ್ಕೆ ಪುರುಸೊತ್ತಿಲ್ಲದವರಿಗೆ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ಕಿನ ಪರೀಕ್ಷೆಯಿದೆ. ಪಿಡಿಮ್ ಇದ್ದರೆ ಹೊರಪೊರೆ ದಾಟುವುದು ಆ ಔಷಧಿಗೆ ಕಷ್ಟ, ಇಲ್ಲದ ತಳಿಗೆ ಅದು ಬೇಗ ತಾಗುತ್ತದೆ. ನಾನಂತೂ ಸ್ಟಾಕ್ ಫ್ರೀಜರಿಗೆ ಹೋಗುವ ಮುಂಚೆ ಒಮ್ಮೆ, ಇನ್ಫೆಕ್ಷನ್ ಮಾಡಿದ ಅದೇ ಕಲ್ಚರಿನಿಂದ ಇನ್ನೊಮ್ಮೆ ಟಿಎಲ್‌ಸಿ ಪ್ಲೇಟ್ ಓಡಿಸಿ, ಅದರ ಫೋಟೋವನ್ನು ಗ್ರಾಫ್ ಜೊತೆಗೇ ನೋಟ್‌ಬುಕ್ಕಿನಲ್ಲಿ ಅಂಟಿಸಲು ಹೇಳುತ್ತೇನೆ.